'ಬೆಂಡ್ ಇಟ್ ಲೈಕ್ ಬೆಕಮ್' ನಿಜಕಥೆ ಅಲ್ಲ

'2002ರ ಬ್ರಿಟಿಷ್ ಸಿನಿಮಾ ಬೆಂಡ್ ಇಟ್ ಲೈಕ್ ಬೆಕಮ್ ಒಬ್ಬ ಪಂಜಾಬಿ ಫುಟ್‌ಬಾಲ್ ಆಟಗಾರ್ತಿಯ ನಿಜ ಜೀವನ, ಕೊನೆಯಲ್ಲಿ ಬರೋದು ಸ್ವತಃ ಇಂಗ್ಲೆಂಡಿನ ಫುಟ್‌ಬಾಲ್ ತಾರೆ ಡೇವಿಡ್ ಬೆಕಮ್' ಅನ್ನೋ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಸಿನಿಮಾದ ನಾಯಕಿ, ಫುಟ್‌ಬಾಲ್ ಆಡುವ ಹುಡುಗಿ ಜೆಸ್ ಕಾಲ್ಪನಿಕ ಪಾತ್ರ. ನಿರ್ದೇಶಕಿ ಗುರಿಂದರ್ ಚಡ್ಢಾ ಇನ್ನಿಬ್ಬರ ಜೊತೆ ಸೇರಿ ಬರೆದ ಕಥೆ ಇದು. ವಿಮಾನ ನಿಲ್ದಾಣದಲ್ಲಿ ಕಾಣೋದು ಬೆಕಮ್ ಅಲ್ಲ, ಅವರಂತೆ ಕಾಣುವ ಬೇರೊಬ್ಬರು.

ಗೊಂದಲ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ, ಕಥೆಯಲ್ಲಿ ನಿಜ ಜೀವನದ ತುಣುಕುಗಳೂ ಇವೆ. ಜೆಸ್ ಕಾಲಿನ ಸುಟ್ಟ ಗಾಯದ ಗುರುತು ಮೇಕಪ್ ಅಲ್ಲ. ನಟಿ ಪರ್ಮಿಂದರ್ ನಾಗ್ರಾ ಅವರ ಕಾಲಲ್ಲಿ ನಿಜಕ್ಕೂ ಇರುವ ಆ ಗುರುತನ್ನೇ ಕಥೆಗೆ ಸೇರಿಸಿಕೊಂಡರು. ಚಡ್ಢಾ ಹುಟ್ಟಿದ್ದು ನೈರೋಬಿಯಲ್ಲಿ, ಬೆಳೆದದ್ದು ಲಂಡನ್ನಿನ ಸೌತಾಲ್‌ನಲ್ಲಿ. ಜೆಸ್ ಅಪ್ಪನೂ ನೈರೋಬಿಯಿಂದ ಬಂದವನೇ. ಅಲ್ಲಿ ಒಳ್ಳೆ ವೇಗದ ಬೌಲರ್. ಇಂಗ್ಲೆಂಡಿನ ಕ್ಲಬ್‌ನವರು ಅವನ ಪೇಟ ನೋಡಿ ನಕ್ಕು ಹೊರಗೆ ಕಳಿಸಿದರು. ಮಗಳಿಗೂ ಅದೇ ಆಗುತ್ತೆ ಅಂತ ಅವನು ಬೇಡ ಅನ್ನೋದು, ಸುಮ್ನೆ ಹಟ ಅಲ್ಲ. ಮೈದಾನದಲ್ಲಿ ಎದುರಾಳಿ ಹುಡುಗಿ ಜನಾಂಗೀಯ ಬೈಗುಳ ಬೈದಾಗ ಜೆಸ್ ತಳ್ಳುತ್ತಾಳೆ, ಕೆಂಪು ಕಾರ್ಡ್ ಸಿಗೋದು ಜೆಸ್‌ಗೆ. ಆಗ ಅವಳ ಕೋಚ್, ತಾನು ಐರಿಷ್‌, ಆ ನೋವು ತನಗೆ ಅರ್ಥವಾಗುತ್ತೆ ಅನ್ನುತ್ತಾನೆ. ನನಗಂತೂ ಫೈನಲ್ ಪಂದ್ಯಕ್ಕಿಂತ ಈ ದೃಶ್ಯವೇ ಜಾಸ್ತಿ ಇಷ್ಟ.

ಇಂಥದ್ದು ಎಷ್ಟೋ ಮಕ್ಕಳ ಅನುಭವ ಇರಬಹುದು. ಆದರೆ ಅದು ಒಬ್ಬ ಆಟಗಾರ್ತಿಯ ಜೀವನಚರಿತ್ರೆ ಆಗಲ್ಲ, ಅಲ್ವಾ? ಆ ಮೆಸೇಜ್ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ತೋರಿಸಿದರೆ ಸಾಕು.