ಲಿನಕ್ಸ್ ಹಾಕಲೇಬೇಕು ಅಂತೇನಿಲ್ಲ

ಹಳೇ ಪಿಸಿಯಲ್ಲಿ ಗ್ರೆಪ್, ಆಕ್ (ಪಠ್ಯದ ಫೈಲಿನಲ್ಲಿ ಬೇಕಾದ ಸಾಲು, ಕಾಲಂ ಹೆಕ್ಕುವ ಯುನಿಕ್ಸ್ ಕಮಾಂಡುಗಳು) ಬೇಕಿದ್ದರೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಳ್ಳಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ ಸರ್. ಚಿಕ್ಕಮಗಳೂರಿನ ಹತ್ತಿರ ನಮ್ಮ ತೋಟದ ಆಫೀಸಿನಲ್ಲಿ ಇವತ್ತಿಗೂ ವಿಂಡೋಸ್ ಎಕ್ಸ್‌ಪಿ ಪಿಸಿಯೇ ಇದೆ. ಕಾಫಿ ತೂಕದ ಲೆಕ್ಕದ ಸಾಫ್ಟ್‌ವೇರ್ ನಡೆಯುವುದು ಅದರಲ್ಲಿ ಮಾತ್ರ. ಲಿನಕ್ಸ್ ಹಾಕಿದರೆ ಆ ಲೆಕ್ಕವೇ ಹೋಯಿತಲ್ವಾ?

ಲಿನಕ್ಸ್ ಇಲ್ಲದೆಯೂ ಈ ಕಮಾಂಡುಗಳು ಸಿಗುತ್ತವೆ. ಇಂಥ ಹಲವು ಕಮಾಂಡುಗಳನ್ನು ಒಂದರಲ್ಲೇ ತುಂಬಿರುವ ಬ್ಯುಸಿಬಾಕ್ಸ್ ಅನ್ನುವ ಪ್ರೋಗ್ರಾಂನ ವಿಂಡೋಸ್ ಆವೃತ್ತಿ ಒಂದೇ ಒಂದು ಇಎಕ್ಸ್‌ಇ ಫೈಲ್. ಇನ್‌ಸ್ಟಾಲ್ ಮಾಡುವುದೇ ಬೇಡ, ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ವಿಂಡೋಸ್ ಇಲ್ಲದೆ ಬರೀ ಡಾಸ್ ಇರುವ ಹಳೇ 386 ಯಂತ್ರಕ್ಕೂ ಡಿಜೆಜಿಪಿಪಿಯಲ್ಲಿ (ಡಾಸ್‌ಗೆ ಪ್ರೋಗ್ರಾಂ ತಯಾರಿಸುವ ಕಂಪೈಲರ್) ತಯಾರಾದ ಗ್ನೂ ಟೂಲ್‌ಗಳಿವೆ, ಅಂದರೆ ಇದೇ ಕಮಾಂಡುಗಳ ಉಚಿತ ಆವೃತ್ತಿಗಳು. ಎಕ್ಸೆಲ್ 2003 ಒಂದು ಶೀಟಿನಲ್ಲಿ 65,536 ಸಾಲಿಗೇ ನಿಂತುಬಿಡುತ್ತದೆ. ಅದಕ್ಕೇ ನಾವು ತೂಕದ ಲೆಕ್ಕದ ವರ್ಷವರ್ಷದ ಸಿಎಸ್‌ವಿ (ಅಲ್ಪವಿರಾಮದಿಂದ ಬೇರೆ ಮಾಡಿದ ಪಠ್ಯ) ಫೈಲುಗಳನ್ನು ಒಟ್ಟಿಗೆ ಗ್ರೆಪ್‌ಗೆ ಕೊಟ್ಟು ಅರೇಬಿಕಾ ಪಾರ್ಚ್‌ಮೆಂಟ್ ಅನ್ನುವ ಬಗೆಯ ಕಾಫಿಯ ಸಾಲುಗಳನ್ನಷ್ಟೇ ಬೇರೆ ಮಾಡಿಕೊಳ್ಳುತ್ತೇವೆ, ಆ ಹಳೇ ಯಂತ್ರದಲ್ಲೂ ಕಾಯಬೇಕಾಗಿಲ್ಲ.

ನಿಜವಾಗಿ ತೊಡಕು ಕೊಡುವುದು ಬೇರೆಯೇ. ಅದನ್ನು ದಯವಿಟ್ಟು ಲೇಖನಕ್ಕೆ ಸೇರಿಸಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ (ವಿಂಡೋಸಿನಲ್ಲಿ ಕಮಾಂಡ್ ಟೈಪ್ ಮಾಡುವ ಕಿಟಕಿ) ಸುಮ್ನೆ ‘ಫೈಂಡ್’ (find) ಅಂತ ಹೊಡೆದರೆ ಓಡುವುದು ವಿಂಡೋಸಿನ ಫೈಂಡ್. ಅದು ಫೈಲಿನೊಳಗಿನ ಪಠ್ಯ ಹುಡುಕುತ್ತದೆ, ಯುನಿಕ್ಸ್‌ನದು ಫೈಲನ್ನೇ ಹುಡುಕುತ್ತದೆ. ಆದ್ದರಿಂದ ‘ಬ್ಯುಸಿಬಾಕ್ಸ್ ಫೈಂಡ್’ (busybox find) ಅಂತ ಪೂರ್ತಿ ಕೊಡಬೇಕು. ಇನ್ನೊಂದು, ನೀವು ಕೊಟ್ಟಿರುವ ಆಕ್ ಉದಾಹರಣೆಯಲ್ಲಿ ಒಂಟಿ ಉದ್ಧರಣ ಚಿಹ್ನೆ (') ಇದೆ. ಕಮಾಂಡ್ ಪ್ರಾಂಪ್ಟ್ ಅದನ್ನು ಉದ್ಧರಣ ಅಂತಲೇ ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಜೋಡಿ ಚಿಹ್ನೆಯೇ (") ಬೇಕು. ಹೊಸಬರು ಜಾಸ್ತಿ ಕೈಬಿಡುವುದು ಇಲ್ಲೇ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ, ಹಾಗಾಗಿ ಆ ಪಿಸಿಗೆ ನೆಟ್ ಮಾತ್ರ ಕೊಡಬೇಡಿ.