ಅಲ್ಲೇನಿದೆ ಅಂತ ಕೇಳುವವರಿಗೆ

ಕ್ಯಾಲಿಫೋರ್ನಿಯಾದ ಗೆಳೆಯರಿರಲಿ, ನ್ಯೂಜೆರ್ಸಿಯ ನೆಂಟರಿರಲಿ, ಚಳ್ಳಕೆರೆಯ ನಮ್ಮ ಚಿಕ್ಕಪ್ಪನೇ ಇರಲಿ, ಫೋನ್ ಮಾಡಿದವರೆಲ್ಲ ಎರಡನೇ ಮಾತಿಗೇ ಕೇಳೋದು ಇದನ್ನೇ: "ಅಲ್ಲೇನಿದೆ ಅಂತ ಆ ಮರಳುಗಾಡಿಗೆ ಹೋಗಿ ಕೂತ್ಕೊಂಡ್ರಿ?" ಉತ್ತರ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಉದ್ದಕ್ಕೆ ಬರೆದು ಹಾಕುತ್ತೇನೆ, ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿದರಾಯಿತು.

ನಾವಿರೋದು ಅರಿಜೋನಾದ ಟೂಸಾನ್ ನಗರಕ್ಕೆ ಉತ್ತರದಲ್ಲಿ ಅಂಟಿಕೊಂಡಿರುವ ಓರೋ ವ್ಯಾಲಿಯಲ್ಲಿ. ಮೊದಲನೆಯದಾಗಿ, ಇಲ್ಲಿ ಮರಳ ದಿಬ್ಬಗಳಿಲ್ಲ. ಜೈಸಲ್ಮೇರಿನ ಒಂಟೆ ಕ್ಯಾಲೆಂಡರನ್ನು ದಯವಿಟ್ಟು ಗೋಡೆಯಿಂದ ಇಳಿಸಿ. ಕಲ್ಲು, ಕುರುಚಲು, ಬಂಡೆ ಬೆಟ್ಟ, ಒಣಗಿದ ಹಳ್ಳ. ಚಿತ್ರದುರ್ಗದ ಕಡೆಯವರ ಕಣ್ಣಿಗೆ ತೀರಾ ಹೊಸದೇನಲ್ಲ. ವರ್ಷಕ್ಕೆ ಹೆಚ್ಚೆಂದರೆ 11–12 ಇಂಚು ಮಳೆ, ಅದೂ ಎರಡು ಕಂತಿನಲ್ಲಿ. ಚಳಿಗಾಲದಲ್ಲಿ ಜಿನುಗು ಮಳೆ, ಜುಲೈ–ಆಗಸ್ಟಿನಲ್ಲಿ ಗುಡುಗು ಸಿಡಿಲಿನ ಮಳೆ. ಇಲ್ಲಿಯವರಿಗೂ ಅದು ಮಾನ್ಸೂನೇ. ಹವಾಮಾನ ಇಲಾಖೆಯವರು ಜೂನ್ 15ರಿಂದ ಸೆಪ್ಟೆಂಬರ್ 30 ಅಂತ ತಾರೀಕನ್ನೂ ನಿಗದಿ ಮಾಡಿಟ್ಟಿದ್ದಾರೆ. ಮಳೆರಾಯ ಆ ಕ್ಯಾಲೆಂಡರ್ ನೋಡೋದಿಲ್ಲ, ಅದು ಬೇರೆ ಮಾತು.

ಈ ಎರಡು ಕಂತಿನ ಮಳೆಯಿಂದಾಗಿಯೇ ಸೊನೋರನ್ ಮರುಭೂಮಿ ಇಷ್ಟು ಹಸಿರಾಗಿದೆ. ಸಿನಿಮಾಗಳಲ್ಲಿ ನೀವು ನೋಡಿರುವ, ತೋಳೆತ್ತಿ ನಿಂತ ದೊಡ್ಡ ಕಳ್ಳಿ, ಸವಾರೋ, ಈ ಮರುಭೂಮಿ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಮೊದಲ ಎಂಟು ವರ್ಷಕ್ಕೆ ಅದು ಬೆಳೆಯುವುದು ಒಂದೋ ಒಂದೂವರೆಯೋ ಇಂಚು. ಅದೂ ಪಾಲೋ ವರ್ಡೆ ಮರವೋ ಮೆಸ್ಕೀಟ್ ಮರವೋ ನೆರಳು ಕೊಟ್ಟರೆ. ತೋಳು ಮೂಡಲಿಕ್ಕೆ ಐವತ್ತು, ಎಪ್ಪತ್ತು ವರ್ಷ ಬೇಕು. ನಮ್ಮ ಹಿತ್ತಲಿನಾಚೆ ನಿಂತಿರೋದಕ್ಕೆ ಐದು ತೋಳು. ಓರೋ ವ್ಯಾಲಿ ಅನ್ನೋ ಊರು 1974ರಲ್ಲಿ ಕಾಗದದ ಮೇಲೆ ಹುಟ್ಟುವಾಗ ಅದಕ್ಕಾಗಲೇ ಮುಪ್ಪು ಹತ್ತಿರವಾಗಿತ್ತೇನೋ ಅನ್ನಬೇಡಿ, ನೂರೈವತ್ತು ವರ್ಷ ದಾಟುವ ಜೀವ ಅದು, ಆಗಿನ್ನೂ ಪ್ರಾಯ. ನಿಮ್ಮದೇ ಜಮೀನಿನಲ್ಲಿದ್ದರೂ ಅದನ್ನು ತೆಗೆಯುವ ಮೊದಲು ರಾಜ್ಯದ ಕೃಷಿ ಇಲಾಖೆಗೆ ತಿಳಿಸಬೇಕು. ಸುಮ್ಮನೆ ಗರಗಸ ಹಿಡಿದು ಹೋದರೆ ಕೇಸು.

ನಾನು ಹೇಳಬೇಕೆಂದಿರೋದು ಈ ಕೇಸಿನ ವಿಷಯವನ್ನೇ. "ಆಹಾ ಪ್ರಕೃತಿ" ಅಂತ ಫೋಟೋ ಹಾಕಿ ಮುಗಿಸಬಹುದು, ಎಲ್ಲರೂ ಹಾಗೇ ಮಾಡೋದು. ಆದರೆ ಈ ಜಾಗ ಬದುಕಲಿಕ್ಕೆ ಇಷ್ಟು ಚೆನ್ನಾಗಿರುವುದಕ್ಕೆ ಬೆಟ್ಟ, ಕಳ್ಳಿ ಎಷ್ಟು ಕಾರಣವೋ, ಮಾಡಬಹುದಾಗಿದ್ದ ಎಷ್ಟೋ ಕೆಲಸಗಳನ್ನು ಊರಿನವರು ಬೇಕಂತಲೇ ಮಾಡದೆ ಬಿಟ್ಟಿದ್ದೂ ಅಷ್ಟೇ ಕಾರಣ. ದುಡ್ಡಿಲ್ಲದೆ ಬಿಟ್ಟಿದ್ದಲ್ಲ. ಜಗಳವಾಡಿ, ಕಾನೂನು ಮಾಡಿ ಬಿಟ್ಟಿದ್ದು.

ಕತ್ತಲೆಯನ್ನೇ ತೆಗೆದುಕೊಳ್ಳಿ. ನಮ್ಮ ಬೀದಿಯಲ್ಲಿ ದೀಪದ ಕಂಬಗಳೇ ಇಲ್ಲ. ಊರಿಂದ ಬಂದ ಅತ್ತೆ ಮೊದಲ ರಾತ್ರಿ ಬಾಗಿಲಲ್ಲಿ ನಿಂತು, "ಅಮೇರಿಕಾದಲ್ಲೂ ಕರೆಂಟ್ ತೆಗೀತಾರೇನೇ?" ಅಂದರು. 1958ರಲ್ಲಿ ಟೂಸಾನಿನ ನೈಋತ್ಯಕ್ಕಿರುವ ಕಿಟ್ ಪೀಕ್ ಬೆಟ್ಟವನ್ನು ರಾಷ್ಟ್ರೀಯ ಖಗೋಳ ವೀಕ್ಷಣಾಲಯಕ್ಕೆಂದು ಆರಿಸಿದರು. ಅದು ಇಲ್ಲಿಯ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನರ ನೆಲ, ಅವರ ಒಪ್ಪಿಗೆ ಪಡೆದು ಕಟ್ಟಿದ್ದು. ಊರು ಬೆಳೆದು ಬೆಳಕು ಹೆಚ್ಚಾದಂತೆ ದೂರದರ್ಶಕಗಳಿಗೆ ತೊಂದರೆ ಶುರುವಾಯಿತು. 1972ರಲ್ಲೇ ಇಲ್ಲಿ ಹೊರಾಂಗಣ ದೀಪಗಳಿಗೆ ಕಾನೂನು ಬಂತು: ಬೆಳಕು ನೆಲಕ್ಕೆ ಬೀಳಬೇಕು, ಆಕಾಶಕ್ಕಲ್ಲ. ಲೋಕದಾದ್ಯಂತ ಕತ್ತಲೆ ಉಳಿಸಿ ಅಂತ ಹೋರಾಡುವ ಡಾರ್ಕ್‌ಸ್ಕೈ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಟೂಸಾನಿನಲ್ಲೇ. ಹತ್ತು ಲಕ್ಷ ಜನ ಇರುವ ನಗರ ಪ್ರದೇಶದ ಅಂಚಿನಲ್ಲಿ ಕೂತು ಅಂಗಳದಿಂದಲೇ ಆಕಾಶಗಂಗೆ ನೋಡುತ್ತೇನೆ ಅಂದರೆ ಅದು ದೇವರು ಕೊಟ್ಟ ವರವಲ್ಲ ಸ್ವಾಮಿ, ನಗರಸಭೆಯ ಠರಾವು.

ಇನ್ನೊಂದು, ಆರೇಕಲ್ ರಸ್ತೆಯ ಸೇತುವೆ. ಆರು ಲೇನಿನ ಈ ಹೆದ್ದಾರಿ ಕ್ಯಾಟಲೀನಾ ಬೆಟ್ಟಗಳನ್ನೂ ಪಶ್ಚಿಮದ ಟೋರ್ಟೊಲೀಟಾ ಬೆಟ್ಟಗಳನ್ನೂ ಬೇರೆ ಬೇರೆ ಮಾಡಿತ್ತು. 2016ರಲ್ಲಿ ಅದರ ಮೇಲೊಂದು ಅಗಲದ ಸೇತುವೆ ಕಟ್ಟಿ ಮುಗಿಸಿದರು. ಕಾರಿಗಲ್ಲ, ಮನುಷ್ಯರಿಗೂ ಅಲ್ಲ. ಮೇಲೆ ಮಣ್ಣು ಹಾಕಿ ಗಿಡ ನೆಟ್ಟಿದ್ದಾರೆ. ಜಿಂಕೆ, ನರಿಯಂಥ ಕಯೋಟೆ, ಹಂದಿಯಂತೆ ಕಾಣುವ ಆದರೆ ಹಂದಿಯಲ್ಲದ ಹಾವೆಲೀನಾ ಅದರ ಮೇಲೆ ದಾಟುತ್ತವೆ. ಜನರೇ ಮತ ಹಾಕಿ ಒಪ್ಪಿಕೊಂಡ ಮಾರಾಟ ತೆರಿಗೆಯ ದುಡ್ಡಿನಲ್ಲಿ ಕಟ್ಟಿದ್ದು. ನಮ್ಮ ಮನೆಯಿಂದ ಕಾಣುವ, ಕ್ಯಾಟಲೀನಾ ಬೆಟ್ಟಸಾಲಿನ ಪುಶ್ ರಿಜ್‌ನಲ್ಲಿ ದೊಡ್ಡಕೊಂಬಿನ ಕಾಡುಕುರಿಗಳು 1990ರ ದಶಕದ ಕೊನೆಗೆ ಪೂರ್ತಿ ಅಳಿದುಹೋಗಿದ್ದವು. 2013ರಲ್ಲಿ ಬೇರೆ ಕಡೆಯಿಂದ ತಂದು ಬಿಟ್ಟರು. ಪೂಮಾಗಳು ಒಂದಷ್ಟನ್ನು ತಿಂದವು, ಪತ್ರಿಕೆಗಳಲ್ಲಿ ದೊಡ್ಡ ರಾದ್ಧಾಂತ ಆಯಿತು, ಆದರೂ ಮರಿಗಳಾದವು.

ಮ್ಯೂಸಿಯಂ ವಿಷಯಕ್ಕೆ ಬರುತ್ತೇನೆ. ಮೈಸೂರಿನ ಅರಮನೆ, ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಿ ಬೆಳೆದ ನನಗೆ ಮ್ಯೂಸಿಯಂ ಅಂದರೆ ಗಾಜಿನ ಕಪಾಟು, "ಮುಟ್ಟಬೇಡಿ" ಬೋರ್ಡು. ಇಲ್ಲಿಯ ಅರಿಜೋನಾ–ಸೊನೋರಾ ಡೆಸರ್ಟ್ ಮ್ಯೂಸಿಯಮ್ಮಿಗೆ ಬಹುಪಾಲು ಛಾವಣಿಯೇ ಇಲ್ಲ. 1952ರಲ್ಲಿ ವಿಲಿಯಂ ಕಾರ್, ಆರ್ಥರ್ ಪ್ಯಾಕ್ ಅನ್ನೋ ಇಬ್ಬರು ಸೇರಿ ಶುರುಮಾಡಿದ್ದು. ಕಾರ್‌ಗೆ ಇದ್ದ ಹಟ ಒಂದೇ: ಈ ಮರುಭೂಮಿಯಲ್ಲಿ ಇಲ್ಲದ ಒಂದೂ ಪ್ರಾಣಿ, ಗಿಡ ಇಲ್ಲಿರಕೂಡದು. ಸಿಂಹ, ಜಿರಾಫೆ, ಪೆಂಗ್ವಿನ್ ಯಾವುದೂ ಇಲ್ಲ. ನಿಮ್ಮ ಮನೆ ಹಿತ್ತಲಿಗೆ ಬರುವ ಹಾವನ್ನೇ, ನಿಮ್ಮ ಬೂಟಿನೊಳಗೆ ಸೇರುವ ಚೇಳನ್ನೇ ಟಿಕೆಟ್ ತೆಗೆದು ನೋಡಬೇಕು. ಚಿಕ್ಕಪ್ಪನಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಅದರ ಪರಿಣಾಮ ನೋಡಿ: ಪಕ್ಕದ ಮನೆಯ ಹತ್ತು ವರ್ಷದ ಹುಡುಗ ಸವಾರೋದಲ್ಲಿ ಗಿಲಾ ಮರಕುಟಿಗ ಕೊರೆದ ತೂತು ಯಾವುದು, ಅದರಲ್ಲಿ ಆಮೇಲೆ ಬಂದು ಸೇರಿದ ಎಲ್ಫ್ ಗೂಬೆ ಯಾವುದು ಅಂತ ಬೆರಳು ತೋರಿಸಿ ಹೇಳುತ್ತಾನೆ. ಚೇಳು ಕಂಡರೆ ಚಪ್ಪಲಿ ಹುಡುಕುವುದಿಲ್ಲ, ಅದು ಹೊಳೆಯೋದನ್ನು ನೋಡಲಿಕ್ಕೆ ನೇರಳೆ ಟಾರ್ಚು ಹುಡುಕುತ್ತಾನೆ. ಸೇತುವೆಗೆ ತೆರಿಗೆ ಕೊಡಲು ಒಪ್ಪಿದ ಮತದಾರರಲ್ಲಿ ಎಷ್ಟು ಜನ ಶಾಲೆಯ ಬಸ್ಸಿನಲ್ಲಿ ಈ ಮ್ಯೂಸಿಯಮ್ಮಿಗೆ ಹೋಗಿ ಬಂದವರೋ! ಸುಮ್ಮನೆ ಊಹೆ, ಆದರೆ ನನಗೆ ನಂಬಿಕೆಯ ಊಹೆ.

ಇನ್ನೂ ಇವೆ. ಕಲಾವಿದ ಟೆಡ್ ಡಿಗ್ರಾಜಿಯಾ ಮಣ್ಣಿಟ್ಟಿಗೆಯಲ್ಲಿ ತಾನೇ ಕಟ್ಟಿಸಿದ ಗ್ಯಾಲರಿ ಇದೇ ಬೆಟ್ಟದ ಬುಡದಲ್ಲಿದೆ. ಸತ್ತ ಮೇಲೆ ಮಕ್ಕಳು ಕಟ್ಟಬೇಕಾದ ತೆರಿಗೆಯ ಮೇಲಿನ ಸಿಟ್ಟಿಗೆ 1976ರಲ್ಲಿ ಸುಮಾರು ನೂರು ಚಿತ್ರಗಳನ್ನು ಬೆಟ್ಟಕ್ಕೆ ಒಯ್ದು ಸುಟ್ಟ ಆಸಾಮಿ. ಅರಿಜೋನಾ ವಿಶ್ವವಿದ್ಯಾಲಯದ ಆವರಣದಲ್ಲಿ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮುಂದಾಗಿ ನಿಂತು 1975ರಲ್ಲಿ ಸ್ಥಾಪಿಸಿದ ಛಾಯಾಚಿತ್ರ ಸಂಗ್ರಹವಿದೆ. ಕ್ಯಾಟಲೀನಾ ಸ್ಟೇಟ್ ಪಾರ್ಕಿನಲ್ಲಿ ಹೊಹೊಕಾಮ್ ಜನರ ಹಳ್ಳಿಯೊಂದರ ಗೋಡೆಗಳು ಇನ್ನೂ ಇವೆ. ಅಲ್ಲಿಗೆ ವಾಕಿಂಗ್ ಹೋದ ಹಾಗೆ ಹೋಗಿ ಬರುತ್ತೇವೆ. ನಮಗೆ ಎಷ್ಟೋ ಮುಂಚೆ ಇದೇ ಹಳ್ಳದ ನೀರನ್ನು ನಂಬಿ ಇಲ್ಲಿ ಸಂಸಾರ ಹೂಡಿದ್ದವರು ಅವರು.

ನೀರಿನ ಮಾತು ಬಂದರೆ ನನ್ನ ಹೊಗಳಿಕೆ ಕುಂಟುತ್ತದೆ. ಟೂಸಾನ್ ಕುಡಿಯೋದು ಬಹುಪಾಲು ಕೊಲೊರಾಡೋ ನದಿಯನ್ನು. 336 ಮೈಲಿ, ಅಂದರೆ 540 ಕಿ.ಮೀ. ಉದ್ದದ ಕಾಲುವೆ, ದಾರಿಯುದ್ದಕ್ಕೂ ಪಂಪು, ಒಟ್ಟು ಸುಮಾರು 2,900 ಅಡಿ ಮೇಲಕ್ಕೆ. ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಎತ್ತಿ ಕುಡಿಯುವ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರ ನಡುವಿನ ಸಾಂಟಾ ಕ್ರೂಜ್ ಹೊಳೆ ಹಿಂದೆ ಹರಿಯುತ್ತಿತ್ತು. ಅಂತರ್ಜಲ ಹೀರಿ ಹೀರಿ ಅದನ್ನು ಒಣಗಿಸಿದ್ದು ಇದೇ ಜನ. 2019ರಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಬಿಟ್ಟು ಒಂದಷ್ಟು ದೂರ ಮತ್ತೆ ಹರಿಸಿದ್ದಾರೆ. ಕೊಡತಿ ಹುಳು, ಕಪ್ಪೆ ಬಂದಿವೆ ಅಂತ ಸಂಭ್ರಮಪಟ್ಟರು. ಸಂಭ್ರಮಪಡಬೇಕಾದ್ದೇ. ಆದರೆ ನಮ್ಮ ಬಡಾವಣೆಯ ಈಜುಕೊಳಗಳು ಜೂನ್ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಆವಿಯಾಗುತ್ತಾ ಇರುವಾಗ, 2021ರಲ್ಲಿ ಕೊಲೊರಾಡೋ ನದಿಗೆ ಸರ್ಕಾರವೇ ಮೊಟ್ಟಮೊದಲ ಬಾರಿಗೆ ಕೊರತೆ ಘೋಷಿಸಿದ್ದು ನೆನಪಾಗುತ್ತದೆ. ಈಜುಕೊಳಕ್ಕೂ 1972ರ ಥರದ್ದೊಂದು ಕಾನೂನು ಬರಲಿ ಅಂತ ನಾನಂದರೆ ನೆರೆಯವರು ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ಗಿಡಗಳ ಕತೆಯೂ ಹೀಗೇ ತಲೆಕೆಳಗು. ನಮ್ಮೂರ ಕೆರೆಯಂಗಳ ನುಂಗಿದ ಬಳ್ಳಾರಿ ಜಾಲಿ ಇದೆಯಲ್ಲ, ಅದು ಈ ಖಂಡದ್ದು. ಅದರ ದಾಯಾದಿಯೇ ಇಲ್ಲಿಯ ಮೆಸ್ಕೀಟ್. ಇಲ್ಲಿ ಅದರ ಕಾಯಿ ಬೀಸಿ ಹಿಟ್ಟು ಮಾಡುತ್ತಾರೆ, ತೊಹೊನೊ ಓಧಮ್ ಜನರ ಹಳೆಯ ಆಹಾರ ಅದು. ನಾನೂ ಆ ಹಿಟ್ಟು ಬೆರೆಸಿ ರೊಟ್ಟಿ ತಟ್ಟಿದ್ದೇನೆ, ತುಸು ಸಿಹಿ, ಚಟ್ನಿಪುಡಿಗೆ ಹೊಂದುತ್ತದೆ. ನಮ್ಮ ಹೊಲದ ಬೇಲಿಯ ಪಾಪಸುಕಳ್ಳಿಯೂ ಈ ಕಡೆಯಿಂದ ಬಂದದ್ದೇ. ಅದಕ್ಕೆ ಬದಲಾಗಿ ಎಂಬಂತೆ, ನಮ್ಮಲ್ಲಿ ಮೇವಿಗೆ ಬೆಳೆಸುವ ಅಂಜನ ಹುಲ್ಲು ಇಲ್ಲಿ ಬಫೆಲ್ ಗ್ರಾಸ್ ಆಗಿ ಜೀವ ತಿನ್ನುತ್ತಿದೆ. ಆಫ್ರಿಕಾದಿಂದ ಹಿಡಿದು ಭಾರತದವರೆಗಿನ ಒಣನೆಲದ ಹುಲ್ಲು ಅದು. ದನಗಳಿಗೆ ಮೇವಾಗುತ್ತದೆ ಅಂತ 1930ರ ದಶಕದಲ್ಲಿ ತಂದರು. ಈಗ ಕಳ್ಳಿಗಳ ನಡುವಿನ ಬರಿ ನೆಲವನ್ನೆಲ್ಲ ತುಂಬಿ, ಒಣಗಿ, ಬೆಂಕಿಗೆ ದಾರಿ ಮಾಡಿಕೊಡುತ್ತಿದೆ. ಬೆಂಕಿ ಗೊತ್ತಿಲ್ಲದ ಜೀವ ಸವಾರೋ, ಬೆಂದರೆ ಮುಗಿಯಿತು. ಚಳಿಗಾಲದ ಶನಿವಾರಗಳಲ್ಲಿ ಸ್ವಯಂಸೇವಕರು ಗುದ್ದಲಿ ಹಿಡಿದು ಅದನ್ನು ಬೇರುಸಹಿತ ಕೀಳುತ್ತಾರೆ. ನಾನೂ ಹೋಗುತ್ತೇನೆ. ಎಪ್ಪತ್ತು ದಾಟಿದವರೇ ಹೆಚ್ಚು, ಯಾರೂ ಭಾಷಣ ಮಾಡೋದಿಲ್ಲ, ಅದೊಂದು ಸುಖ.

ಚಿಕ್ಕಪ್ಪನ "ಅಲ್ಲೇನಿದೆ" ನನಗೆ ನಾಟೋದು ಇಲ್ಲೇ. ಚಳ್ಳಕೆರೆ ಸುತ್ತಿನ ಅಮೃತಮಹಲ್ ಕಾವಲುಗಳ ಬಗ್ಗೆಯೂ ಜನ ಕೇಳಿದ್ದು ಅದೇ ಪ್ರಶ್ನೆ. ಮೈಸೂರು ಅರಸರ ಕಾಲದಿಂದ ದನ ಮೇಯುತ್ತಿದ್ದ, ಕೃಷ್ಣಮೃಗ ಓಡಾಡುತ್ತಿದ್ದ, ಕುರಿಗಾಹಿಗಳು ನಂಬಿದ್ದ ಹುಲ್ಲುಗಾವಲು. ಮರ ಕಾಣೋದಿಲ್ಲ, ಆದ್ದರಿಂದ ಏನೂ ಇಲ್ಲ ಅಂತ ತೀರ್ಮಾನ. ಸಾವಿರಾರು ಎಕರೆ ಸಂಶೋಧನಾ ಸಂಸ್ಥೆಗಳ ಬೇಲಿಯೊಳಗೆ ಹೋಯಿತು. ಸಂಶೋಧನೆ ಬೇಡ ಅನ್ನುವವಳಲ್ಲ ನಾನು, ನನ್ನ ಗಂಡನ ಅನ್ನವೇ ಅದು. ಆದರೆ ಆ ಕಾವಲಿನ ಹುಲ್ಲು, ಹಕ್ಕಿ, ಓತಿಕ್ಯಾತಗಳಿಗೆಂದೇ ಒಂದು ಮ್ಯೂಸಿಯಂ ಚಳ್ಳಕೆರೆಯಲ್ಲಿ ಇದ್ದಿದ್ದರೆ, ನಾವು ಶಾಲೆಯಿಂದ ಸಾಲಾಗಿ ಹೋಗಿ ನೋಡಿದ್ದರೆ, ಆ ಜಮೀನು ಅಷ್ಟು ಸದ್ದಿಲ್ಲದೆ ಕೈಬದಲಾಗುತ್ತಿತ್ತೇ?

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಹಾಲಿಗೂ ಕಾರು ತೆಗೆಯಬೇಕು. ಕನ್ನಡ ಸಂಘದ ಯುಗಾದಿಗೆ ಫೀನಿಕ್ಸ್‌ವರೆಗೆ ಎರಡು ತಾಸು. ಗಂಡ ಊರಲ್ಲಿಲ್ಲದಿದ್ದರೆ ವಾರವಿಡೀ ಕನ್ನಡ ಆಡಲು ಫೋನೇ ಗತಿ. ಮಣ್ಣಿನ ದೂಳಿನಿಂದ ವ್ಯಾಲಿ ಫೀವರ್ ಅನ್ನೋ ಶ್ವಾಸಕೋಶದ ಕಾಯಿಲೆ ಬರುತ್ತದೆ. ಬೇಸಿಗೆಯಲ್ಲಿ ವಾಕಿಂಗ್ ಅಂದರೆ ಬೆಳಗಿನ ಐದು ಗಂಟೆಗೆ, ಆಮೇಲೆ ಬಾಗಿಲು ಹಾಕಿಕೊಳ್ಳಬೇಕು. ಗದ್ದಲ ಬೇಕಾದವರಿಗೆ ಈ ಊರು ಹೇಳಿಸಿದ್ದಲ್ಲ.

ಬರುವುದಾದರೆ ಫೆಬ್ರವರಿಯಲ್ಲಿ ಬರಬೇಡಿ. ರತ್ನ–ಖನಿಜ ಮೇಳಕ್ಕೆ ಲೋಕವೆಲ್ಲ ಬಂದಿರುತ್ತದೆ, ಹೋಟೆಲ್ ಸಿಕ್ಕೋದಿಲ್ಲ. ಎಲ್ಲರೂ ಮಾರ್ಚ್ ಅನ್ನುತ್ತಾರೆ, ನಾನು ಜುಲೈ ಕೊನೆ ಅನ್ನುತ್ತೇನೆ. ಮಧ್ಯಾಹ್ನ ಮೋಡ ಕಟ್ಟಿ, ಕ್ರಿಯೋಸೋಟ್ ಗಿಡದ ವಾಸನೆ ಏಳುತ್ತದೆ. ರಾತ್ರಿ ಹೊಂಡಗಳಲ್ಲಿ ಸ್ಪೇಡ್‌ಫುಟ್ ಕಪ್ಪೆಗಳ ಅರಚಾಟ ಶುರುವಾಗುತ್ತದೆ. ತಿಂಗಳುಗಟ್ಟಲೆ ಮಣ್ಣಿನಡಿ ಮಲಗಿದ್ದು, ನೀರು ಇಂಗುವುದರೊಳಗೆ ಮೊಟ್ಟೆಯಿಟ್ಟು, ಎಂಟು ಹತ್ತು ದಿನದಲ್ಲೇ ಮರಿಗಳಿಗೆ ಕಾಲು ಮೂಡಿಸುವ ಅವಸರ ಅವಕ್ಕೆ. ಕಾರು ಬಾಡಿಗೆಗೆ ತೆಗೆದುಕೊಳ್ಳಿ, ಆದರೆ ಹಳ್ಳ ತುಂಬಿ ರಸ್ತೆಗೆ ಅಡ್ಡಗಟ್ಟೆ ಇಟ್ಟಿದ್ದರೆ ಸುತ್ತಿ ಬಳಸಿ ನುಗ್ಗಬೇಡಿ. ಸಿಕ್ಕಿಹಾಕಿಕೊಂಡರೆ ಎತ್ತಿ ತಂದ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡುವ ಕಾನೂನಿದೆ. ಜನ ಅದನ್ನು "ದಡ್ಡ ಡ್ರೈವರ್ ಕಾನೂನು" ಅಂತಲೇ ಕರೆಯೋದು. ಚಿಕ್ಕಪ್ಪ, ಇದು ನಿಮಗೇ ಹೇಳಿದ್ದು.