ಹನ್ನೊಂದು ವರ್ಷ ಹಳೆಯ ಹೊಸ ಡೈರಿ

ನಿನ್ನೆ ರಾತ್ರಿ ಹಾಸನದ ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿದೆ. ಕೈಬಿಟ್ಟ ದುಡ್ಡು ಜಾಸ್ತಿಯೇನಲ್ಲ, ಆದರೆ ಹೊಟ್ಟೆ ಇನ್ನೂ ಉರಿಯುತ್ತಿದೆ. ಇದಕ್ಕೆಲ್ಲ ಕಾರಣ, ಈ ವರ್ಷದಿಂದ ಎಲ್ಲ ಕೆಲಸವನ್ನೂ ಬರೆದಿಟ್ಟುಕೊಂಡು ಶಿಸ್ತಾಗಿ ಬದುಕಬೇಕು ಅಂತ ನನಗೆ ಬಂದ ಬುದ್ಧಿ.

ಜನವರಿ ಮೊದಲ ವಾರ ಸ್ಟೇಷನರಿ ಅಂಗಡಿಗೆ ಹೋಗಿ ಒಂದು ಪ್ಲಾನರ್ ಕೊಡಿ ಅಂದೆ. ಹುಡುಗ ನಾಲ್ಕು ತಂದು ಹರಡಿದ. ಒಂದರಲ್ಲಿ ದಿನ ಶುರುವಾಗುವುದೇ ಬೆಳಿಗ್ಗೆ 5ಕ್ಕೆ. ಆ ಗೆರೆಯ ಮುಂದೆ ನಾನು ಏನು ಬರೆಯಲಿ, ಗೊರಕೆ ಅಂತಲಾ? ಇನ್ನೊಂದರಲ್ಲಿ ದಿನಾ ಎಷ್ಟು ಲೋಟ ನೀರು ಕುಡಿದಿರಿ ಅಂತ ಗುರುತು ಹಾಕಲು ಎಂಟು ಪುಟ್ಟ ಲೋಟಗಳ ಚಿತ್ರ. ನಲ್ಲಿಯಲ್ಲಿ ನೀರು ಬಂತಾ ಅಂತ ಗುರುತು ಹಾಕಲು ಮಾತ್ರ ಜಾಗ ಇಲ್ಲ, ಬೆಂಗಳೂರಿನಲ್ಲಿ ಬೇಕಾದದ್ದು ಅದೇ ಅಲ್ವಾ? ಕೊನೆಗೆ ಹುಡುಗ "ಡಾಟೆಡ್ಡಾ ಸಾರ್?" ಅಂದ. ನನಗೆ ಕೇಳಿಸಿದ್ದು "ಡೇಟೆಡ್ಡಾ" ಅಂತ. ಹೂಂ ಅಂದೆ. 650 ರೂಪಾಯಿ ಕೊಟ್ಟು ಮನೆಗೆ ಬಂದು ಬಿಚ್ಚಿದರೆ ತಾರೀಖೂ ಇಲ್ಲ, ವಾರವೂ ಇಲ್ಲ, ಗೆರೆಯೂ ಇಲ್ಲ. ಪುಟದ ತುಂಬ ಚುಕ್ಕಿ.

ಹೆಂಡತಿ ನೋಡಿ ಖುಷಿಯಾಗಿಬಿಟ್ಟಳು. "ರೀ, ರಂಗೋಲಿ ಪುಸ್ತಕ ತಂದ್ರಾ!" ನಾನು ಬಾಯಿ ಬಿಡುವ ಮೊದಲೇ ಮೊದಲ ಪುಟದಲ್ಲಿ ನೇರ ಚುಕ್ಕಿ, 15ರಿಂದ 1, ಪೆನ್ನಿನಲ್ಲಿ ಎಳೆ ಸುತ್ತಿಕೊಂಡು ಮುಗಿದೇ ಹೋಗಿತ್ತು. ನಿಜ ಹೇಳಬೇಕೆಂದರೆ ಅಷ್ಟು ಚೆಂದದ ಪುಸ್ತಕದಲ್ಲಿ "ಗ್ಯಾಸ್ ಬುಕ್ ಮಾಡುವುದು" ಅಂತ ಬರೆಯಲು ನನಗೂ ಕೈ ಬರುತ್ತಿರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಈ ಕಥೆ ಹೇಳಿದೆ. ಅಪ್ಪ ರಂಗೋಲಿ ವಿಷಯಕ್ಕೆ ನಗಲಿಲ್ಲ. "ಆರ್ನೂರೈವತ್ತಾ?" ಅಂತ ಎದ್ದು ಒಳಗೆ ಹೋದರು. ಬೀರು ಕಿರುಗುಟ್ಟಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಡೈರಿ ಹೊರಗೆ ಬಂತು. ಮರೂನ್ ರೆಕ್ಸಿನ್ ರಟ್ಟು, ಮೇಲೆ ಯಾವುದೋ ಸಿಮೆಂಟ್ ಅಂಗಡಿಯ ಹೆಸರು ಚಿನ್ನದ ಬಣ್ಣದಲ್ಲಿ, ನಡುವೆ ಕೆಂಪು ರಿಬ್ಬನ್, ಹಾಳೆಗಳಿಗೆ ನುಸಿಗುಳಿಗೆ ವಾಸನೆ.

"ಅಪ್ಪಾ, ಇದು 2015ರದ್ದು."

"ತೆಗೆದು ನೋಡು. ಜನವರಿ 1 ಯಾವ ವಾರ?"

"ಗುರುವಾರ."

"ಈ ವರ್ಷ?"

ಈ ವರ್ಷವೂ ಗುರುವಾರವೇ. ಡಿಸೆಂಬರ್ 31ರ ತನಕ ಒಂದು ದಿನವೂ ತಪ್ಪದ ಹಾಗೆ ವಾರ ಸೇರುತ್ತದೆ. ಹನ್ನೊಂದು ವರ್ಷ ಇದಕ್ಕೇ ಕಾದು ಕೂತಿದ್ದವರ ಹಾಗೆ ಅಪ್ಪನ ಮುಖ ಅರಳಿತು. ಆಮೇಲೆ ಪೂರ್ತಿ ಲೆಕ್ಕ ಬಿಚ್ಚಿಕೊಂಡಿತು. 2014ರದ್ದು ಹೋದ ವರ್ಷಕ್ಕೆ ಸರಿಯಾಗಿತ್ತು, ನೀನು ಕೇಳಲಿಲ್ಲ. 2009ರದ್ದೂ ಈ ವರ್ಷಕ್ಕೆ ಆಗುತ್ತಿತ್ತು, ಗೆದ್ದಲು ತಿಂದಿತು. 2012ರದ್ದು ಇದೆ, ಆದರೆ ಅದು ಲೀಪ್ ವರ್ಷ, 28 ವರ್ಷ ಕಾಯಬೇಕು, 2040ಕ್ಕೆ ಬಾ. ಎಫ್‌ಡಿ ಮೆಚೂರ್ ಆಗುವ ದಿನ ಹೇಳುವ ಗತ್ತು. ಅಮ್ಮ ಒಗ್ಗರಣೆ ಹಾಕುತ್ತಲೇ "ಇವರ ಡೈರಿ ಕಾಯೋದಕ್ಕೇ ಒಂದು ಬೀರು ಹೋಯ್ತು" ಅಂದರು.

ಅಷ್ಟು ಡೈರಿ ಇಟ್ಟುಕೊಂಡ ಅಪ್ಪ ಒಂದರಲ್ಲೂ ಒಂದಕ್ಷರ ಬರೆದವರಲ್ಲ. ಅವರ ಪ್ಲಾನರ್ ಅಂದರೆ ಲಗ್ನಪತ್ರಿಕೆಯ ಖಾಲಿ ಹಿಂಬದಿ. ಎರಡಾಗಿ ಹರಿದು, ರೇಷನ್ನು, ಕರೆಂಟ್ ಬಿಲ್ಲು, ನನ್ನ ಸ್ಕೂಲ್ ಫೀಸು ಎಲ್ಲ ಬರೆದು ಶರ್ಟಿನ ಜೇಬಿಗೆ ಇಳಿಸಿದರೆ ಆಯಿತು. ಡೈರಿ ಹಾಳು ಮಾಡಬಾರದು.

ಸರಿ, ಡೈರಿಯನ್ನು ಬೆಂಗಳೂರಿಗೆ ತಂದೆ. ಮೊದಲ ಪುಟಗಳಲ್ಲಿ ಊರೂರಿನ ಎಸ್‌ಟಿಡಿ ಕೋಡ್ ಇತ್ತು, ಯಾವ ಊರು ಎಷ್ಟು ಕಿಲೋಮೀಟರ್ ಅಂತ ಪಟ್ಟಿ ಇತ್ತು. ಊರು ಎಷ್ಟು ದೂರ ಅಂತ ಸರಿಯಾಗಿಯೇ ಹೇಳಿತು. ಯಾವತ್ತು ಹೋಗಬೇಕು ಅನ್ನುವುದರಲ್ಲಿ ಕೈಕೊಟ್ಟಿತು. ಹೋದ ತಿಂಗಳು ಹಬ್ಬಕ್ಕೆ ಟಿಕೆಟ್ ಮಾಡೋಣ ಅಂತ ತೆಗೆದರೆ ಮಾರ್ಚ್ 21, ಶನಿವಾರ, ಕೆಂಪಕ್ಷರದಲ್ಲಿ ಯುಗಾದಿ. ಶುಕ್ರವಾರ ಸಂಜೆಗೆ ಎರಡು ಸೀಟು ಬುಕ್ ಮಾಡಿ, ನನ್ನ ಶಿಸ್ತಿಗೆ ನಾನೇ ಮೆಚ್ಚಿಕೊಂಡು, ಡೈರಿಯಲ್ಲಿ ಟಿಕ್ ಹಾಕಿದೆ. ನಿನ್ನೆ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಒಂದು ಕ್ಷಣ ಮಾತೇ ಇಲ್ಲ.

"ಹಬ್ಬ ಗುರುವಾರ ಕಣೋ, 19ಕ್ಕೆ! ನೀನು ಬರೋ ಹೊತ್ತಿಗೆ ಹೊಸತೊಡಕಿನ ಸಾರಿನ ಪಾತ್ರೆನೂ ತೊಳೆದಿಟ್ಟಿರ್ತೀನಿ."

ಹೆಂಡತಿ ಪಕ್ಕದಲ್ಲೇ ಇದ್ದಳು. "ಕ್ಯಾಲೆಂಡರ್ ಅಡುಗೆಮನೆ ಗೋಡೆ ಮೇಲೇ ಇದೆಯಲ್ಲಾ ರೀ" ಅಂದಳು. ಅದರಲ್ಲಿ ಹಾಲಿನ ಲೆಕ್ಕ ದಿನಾ ನಾನೇ ಬರೆಯುವುದು. ಅಪ್ಪನಿಗೆ ಫೋನ್ ಕೊಡು ಅಂದೆ. ನಿಮ್ಮ ಡೈರಿಯಿಂದ ಹೀಗಾಯಿತು ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ವಾರ ಸೇರುತ್ತೆ ಅಂದೆ," ಅಂದರು ಅಪ್ಪ ತಣ್ಣಗೆ. "ತಿಥಿ ಸೇರುತ್ತೆ ಅಂದ್ನಾ?"

ಫೋನ್ ಇಟ್ಟ ಮೇಲೆ ಡೈರಿಯನ್ನು ಎಸೆಯಬೇಕು ಅನ್ನಿಸಿತು. ಆಗ ನೆನಪಾಯಿತು, ಅಪ್ಪ ರಿಟೈರ್ ಆದದ್ದು 2015ರಲ್ಲೇ. ಅದಕ್ಕೆ ಮೊದಲು ಡಿಸೆಂಬರ್ ಬಂತೆಂದರೆ ಚೀಲದ ತುಂಬ ಡೈರಿ ಬರುತ್ತಿತ್ತು. ಓಣಿಯವರಿಗೆಲ್ಲ ಹಂಚಿದರೂ ಎರಡು ಮಿಗುತ್ತಿತ್ತು. ಆ ಡಿಸೆಂಬರಿನಲ್ಲಿ ಒಂದೂ ಬರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ, ಗೇಟಿನ ಸದ್ದಾದರೆ ಒಂದು ಸಲ ಎದ್ದು ನೋಡುತ್ತಿದ್ದರು ಅಷ್ಟೆ. ತಿಂಗಳ ಕೊನೆಗೆ ಅಮ್ಮ ಅಂಗಡಿಯಿಂದ ಕ್ಯಾಲೆಂಡರ್ ಕೊಂಡು ತಂದರು. ನಮ್ಮ ಮನೆಗೆ ದುಡ್ಡು ಕೊಟ್ಟು ಕ್ಯಾಲೆಂಡರ್ ಬಂದದ್ದು ಅದೇ ಮೊದಲು.

ಡೈರಿಯನ್ನು ಮತ್ತೆ ಕವರಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ಬುಧವಾರ ಸಂಜೆಗೆ ಸೀಟು ಖಾಲಿ ಇಲ್ಲ. ಮೆಜೆಸ್ಟಿಕ್‌ಗೆ ಹೋಗಿ ನೂಕುನುಗ್ಗಲಲ್ಲಿ ಹತ್ತಿ, ಹಾಸನದ ತನಕ ಬೇಕಾದರೆ ನಿಂತೇ ಹೋಗಬೇಕು. ಮಧ್ಯಾಹ್ನ ಅರ್ಧ ದಿನ ರಜೆ, ಅಮ್ಮನ ಮಾತ್ರೆ, ಚಾರ್ಜರ್ ಅಂತೆಲ್ಲ ಯಾರದೋ ಗೃಹಪ್ರವೇಶದ ಕಾರ್ಡಿನ ಹಿಂದೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಅಪ್ಪನೇ ಫೋನ್ ಮಾಡಿದರು. ಸಮಾಧಾನ ಮಾಡುತ್ತಾರೇನೋ ಅಂದುಕೊಂಡೆ.

"ನಿಮ್ಮ ಆಫೀಸಲ್ಲಿ ಈ ವರ್ಷದ ಡೈರಿ ಯಾರಾದ್ರೂ ಬಿಟ್ಟಿದ್ರೆ ತಗೊಂಡ್ಬಾ. ಬರೀಬೇಡ. 2037ಕ್ಕೆ ಆಗುತ್ತೆ."